ಸಿಹಿಕುಂಬಳಕಾಯಿಯಿಂದ ಪೌಷ್ಟಿಕ ಬೇಕರಿ ತಿನಿಸುಗಳು – ಗೃಹಿಣಿಯರಿಗೆ ಮತ್ತು ಸ್ವಸಹಾಯ ಗುಂಪುಗಳಿಗೆ ಮಾಹಿತಿ

1. ಪೀಠಿಕೆ

ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಹೊಳಲು, ತುಂಗಭದ್ರಾ ನದೀತೀರಕ್ಕೆ ಸಮೀಪವಿರುವ ದೊಡ್ಡ ಗ್ರಾಮವಾಗಿದೆ. ಇಲ್ಲಿಯ ಅನಂತಶಯನ ಮೂರ್ತಿಯಿಂದಾಗಿ ಈ ಊರಿನ ಹೆಸರು ಜಿಲ್ಲೆಯ ಹೊರಗೂ ಪರಿಚಿತವಾಗಿದೆ. ಜೋಳ, ಮೆಕ್ಕೆಜೋಳ, ಶೇಂಗಾ ಬೆಳೆಯುವ ಈ ಭಾಗದಲ್ಲಿ ಸಿಹಿಕುಂಬಳವು ಹೊಲದ ಬದುವಿನಲ್ಲಿ, ಹಿತ್ತಲಿನಲ್ಲಿ, ತಿಪ್ಪೆಯ ಮಗ್ಗುಲಲ್ಲಿ ಹೆಚ್ಚಿನ ಆರೈಕೆಯಿಲ್ಲದೆ ಬೆಳೆಯುವ ಬಳ್ಳಿಯಾಗಿದೆ. ರೊಟ್ಟಿಗೆ ಪಲ್ಯ, ಹಬ್ಬಕ್ಕೆ ಗಾರಿಗೆ – ಇವೆರಡೇ ಇದರ ಮುಖ್ಯ ಉಪಯೋಗ. ಸುಗ್ಗಿಯಲ್ಲಿ ಕಾಯಿ ಒಮ್ಮೆಲೇ ಬಂದಾಗ ಮನೆಯವರಿಗೆ ತಿಂದು ಸಾಕಾಗುತ್ತದೆ, ಸಂತೆಯಲ್ಲಿ ಬೆಲೆ ಸಿಗುವುದಿಲ್ಲ.

ಇದೇ ಅವಧಿಯಲ್ಲಿ ಗ್ರಾಮಗಳ ಅಂಗಡಿಗಳಲ್ಲಿ ಬನ್ನು, ರಸ್ಕು, ಕೇಕು, ಕ್ರೀಮ್ ಬಿಸ್ಕತ್ತುಗಳ ಮಾರಾಟ ಹೆಚ್ಚಿದ್ದು, ಶಾಲೆಯಿಂದ ಬಂದ ಮಕ್ಕಳ ಸಂಜೆಯ ತಿಂಡಿ ಬಹುಮಟ್ಟಿಗೆ ಇವೇ ಆಗಿವೆ. ಮೈದಾ, ಸಕ್ಕರೆ ಮತ್ತು ಗಟ್ಟಿಗೊಳಿಸಿದ ಕೊಬ್ಬಿನಿಂದ ತಯಾರಾದ ಈ ತಿನಿಸುಗಳು ಹೊಟ್ಟೆ ತುಂಬಿಸುತ್ತವೆಯೇ ಹೊರತು ಮಕ್ಕಳ ಬೆಳವಣಿಗೆಗೆ ಬೇಕಾದ ನಾರು, ಜೀವಸತ್ವಗಳನ್ನು ಒದಗಿಸುವುದಿಲ್ಲ. ಮನೆಯಲ್ಲಿಯೇ ಇರುವ ಕುಂಬಳಕಾಯಿಯನ್ನು ಬಳಸಿ ಇಂತಹ ತಿನಿಸುಗಳನ್ನು ಉತ್ತಮಪಡಿಸಲು ಸಾಧ್ಯವೇ, ಸಾಧ್ಯವಿದ್ದಲ್ಲಿ ಎಷ್ಟರಮಟ್ಟಿಗೆ ಎಂಬುದನ್ನು ಸಾರ್ವಜನಿಕರಿಗೆ ತಿಳಿಸುವುದು ಈ ಲೇಖನದ ಉದ್ದೇಶವಾಗಿರುತ್ತದೆ.

2. ಸಿಹಿಕುಂಬಳದ ಪರಿಚಯ

ನಮ್ಮಲ್ಲಿ ಕುಂಬಳ ಎಂಬ ಹೆಸರಿನಿಂದ ಎರಡು ಬೇರೆ ಬೇರೆ ಕಾಯಿಗಳನ್ನು ಕರೆಯಲಾಗುತ್ತದೆ. ಆಯುಧಪೂಜೆಯಲ್ಲಿ ಒಡೆಯುವ ಹಾಗೂ ಸಂಡಿಗೆಗೆ ಬಳಸುವ ಬೂದುಗುಂಬಳವು ಏಷ್ಯಾ ಖಂಡದ್ದೇ ಆದ ಬೆಳೆ. ಕಿತ್ತಳೆ ಬಣ್ಣದ ತಿರುಳಿನ ಸಿಹಿಕುಂಬಳವು ಮೂಲತಃ ಅಮೆರಿಕ ಖಂಡದ ಬೆಳೆಯಾಗಿದ್ದು, ಯುರೋಪಿನ ವ್ಯಾಪಾರಿಗಳು ಸಮುದ್ರಮಾರ್ಗದಿಂದ ಭಾರತಕ್ಕೆ ಬರತೊಡಗಿದ ನಂತರ ಇಲ್ಲಿ ಹರಡಿತು. ಕರಾವಳಿಯಲ್ಲಿ ಇದನ್ನು ಚೀನಿಕಾಯಿ ಎನ್ನುತ್ತಾರೆ. ಈ ಲೇಖನದಲ್ಲಿ ಕುಂಬಳಕಾಯಿ ಎಂದರೆ ಸಿಹಿಕುಂಬಳ ಎಂದೇ ತಿಳಿಯತಕ್ಕದ್ದು.

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಸಿಹಿಕುಂಬಳದಲ್ಲಿ ಅರ್ಕಾ ಚಂದನ್ ಮತ್ತು ಅರ್ಕಾ ಸೂರ್ಯಮುಖಿ ಎಂಬ ತಳಿಗಳನ್ನು ನೀಡಿದೆ. ಅರ್ಕಾ ಚಂದನ್ ಕಾಯಿಗಳು ಸುಮಾರು 2ರಿಂದ 3 ಕಿಲೋ ತೂಗುತ್ತವೆ. ಇದರ ತಿರುಳು ಗಾಢ ಕಿತ್ತಳೆ ಬಣ್ಣದ್ದಾಗಿದ್ದು ಕ್ಯಾರೋಟಿನ್ ಅಂಶ ಹೆಚ್ಚಾಗಿರುತ್ತದೆ. ಅರ್ಕಾ ಸೂರ್ಯಮುಖಿ ಕಾಯಿಗಳು ಒಂದು ಕಿಲೋಗೆ ಸ್ವಲ್ಪ ಹೆಚ್ಚು ತೂಗುವ ಚಿಕ್ಕ ಗಾತ್ರದವು. ಒಂದೇ ಸಲಕ್ಕೆ ಮುಗಿಯುವುದರಿಂದ ಇವು ಸಣ್ಣ ಕುಟುಂಬಗಳಿಗೆ ಅನುಕೂಲ.

3. ಪೋಷಕಾಂಶಗಳು

ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದಂತೆ 100 ಗ್ರಾಂ ಹಸಿ ಸಿಹಿಕುಂಬಳದಲ್ಲಿ ದೊರೆಯುವ ಪ್ರಮುಖ ಅಂಶಗಳು ಕೆಳಕಂಡಂತಿವೆ:

– ಶಕ್ತಿ: 26 ಕಿಲೋ ಕ್ಯಾಲೊರಿ
– ನೀರಿನ ಅಂಶ: ಸುಮಾರು 92 ಗ್ರಾಂ
– ಪ್ರೋಟೀನ್: 1 ಗ್ರಾಂ
– ಶರ್ಕರಪಿಷ್ಟ: 6.5 ಗ್ರಾಂ
– ಪೊಟ್ಯಾಸಿಯಂ: 340 ಮಿಲಿಗ್ರಾಂ
– ಸಿ ಜೀವಸತ್ವ: 9 ಮಿಲಿಗ್ರಾಂ
– ಬೀಟಾ ಕ್ಯಾರೋಟಿನ್: ಸುಮಾರು 3,100 ಮೈಕ್ರೋಗ್ರಾಂ

ಇವುಗಳಲ್ಲಿ ಕೊನೆಯದು ಅತಿ ಮುಖ್ಯವಾದುದು. ಬೀಟಾ ಕ್ಯಾರೋಟಿನ್ ನಮ್ಮ ಶರೀರದಲ್ಲಿ ಎ ಜೀವಸತ್ವವಾಗಿ ಮಾರ್ಪಡುತ್ತದೆ. ಕಣ್ಣಿನ ದೃಷ್ಟಿ, ಚರ್ಮದ ಆರೋಗ್ಯ ಹಾಗೂ ಸೋಂಕುಗಳನ್ನು ಎದುರಿಸುವ ಶಕ್ತಿಗೆ ಎ ಜೀವಸತ್ವ ಅವಶ್ಯಕ. ಇದರ ಕೊರತೆ ತೀವ್ರವಾದಾಗ ಮಕ್ಕಳಲ್ಲಿ ಇರುಳುಗುರುಡು ಕಾಣಿಸಿಕೊಳ್ಳುತ್ತದೆ, ಚಿಕಿತ್ಸೆ ದೊರೆಯದಿದ್ದಲ್ಲಿ ಶಾಶ್ವತ ಅಂಧತ್ವ ಉಂಟಾಗಬಹುದು. ಈ ಕಾರಣದಿಂದಲೇ ನಮ್ಮ ದೇಶದಲ್ಲಿ 1970ರಿಂದ ಮಕ್ಕಳಿಗೆ ಎ ಜೀವಸತ್ವದ ದ್ರಾವಣ ನೀಡುವ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು.

4. ತಿರುಳಿನ ಬಣ್ಣವೇ ಅಳತೆಗೋಲು

ಓದುಗರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಪ್ರಕಟಿಸಿದ್ದ ಹಳೆಯ ಆಹಾರ ಕೋಷ್ಟಕದಲ್ಲಿ 100 ಗ್ರಾಂ ಕುಂಬಳಕಾಯಿಗೆ ಕೇವಲ 50 ಮೈಕ್ರೋಗ್ರಾಂ ಕ್ಯಾರೋಟಿನ್ ಎಂದು ನಮೂದಿಸಲಾಗಿತ್ತು. ಮೇಲೆ ತಿಳಿಸಿದ ಕೋಷ್ಟಕದಲ್ಲಿ ಅದೇ ಅಂಶ ಸುಮಾರು 3,100 ಮೈಕ್ರೋಗ್ರಾಂ ಇದೆ. ಒಂದೇ ಹೆಸರಿನ ತರಕಾರಿಯಲ್ಲಿ ಅರವತ್ತು ಪಟ್ಟು ವ್ಯತ್ಯಾಸ! ತಳಿ, ಕಾಯಿ ಬಲಿತಿರುವ ಮಟ್ಟ ಹಾಗೂ ಪರೀಕ್ಷಾ ವಿಧಾನಗಳಿಗೆ ಅನುಗುಣವಾಗಿ ಈ ಅಂಶವು ಬಹಳವಾಗಿ ಬದಲಾಗುತ್ತದೆ.

ಆದ್ದರಿಂದ "ಕುಂಬಳಕಾಯಿ ಕಣ್ಣಿಗೆ ಒಳ್ಳೆಯದು" ಎಂಬ ಮಾತು ಎಲ್ಲ ಕಾಯಿಗಳಿಗೂ ಸಮನಾಗಿ ಅನ್ವಯಿಸುವುದಿಲ್ಲ. ಬೀಟಾ ಕ್ಯಾರೋಟಿನ್ ಎಂಬುದು ಕಿತ್ತಳೆ ಬಣ್ಣದ ವಸ್ತುವೇ ಆಗಿರುವುದರಿಂದ ಪ್ರಯೋಗಾಲಯವಿಲ್ಲದೆಯೇ ಇದನ್ನು ಸ್ಥೂಲವಾಗಿ ಅಂದಾಜು ಮಾಡಬಹುದು. ಕತ್ತರಿಸಿದಾಗ ತಿರುಳು ಗಾಢ ಕಿತ್ತಳೆಯಾಗಿದ್ದರೆ ಕ್ಯಾರೋಟಿನ್ ಹೆಚ್ಚು, ತೆಳು ಹಳದಿ ಅಥವಾ ಬಿಳಿಚಾಗಿದ್ದರೆ ಕಡಿಮೆ. ಸಂತೆಯಲ್ಲಿ ಹೋಳು ಮಾಡಿ ಇಟ್ಟಿರುವ ಕಾಯಿಯನ್ನು ನೋಡಿ ಕೊಳ್ಳುವುದು, ಮನೆಯಲ್ಲಿ ಗಾಢ ಬಣ್ಣದ ಕಾಯಿಯ ಬೀಜವನ್ನೇ ಮುಂದಿನ ಬಿತ್ತನೆಗೆ ಎತ್ತಿಡುವುದು ಸೂಕ್ತ. ಆದರೆ ಕುಂಬಳದಲ್ಲಿ ಪರಕೀಯ ಪರಾಗಸ್ಪರ್ಶ ನಡೆಯುವುದರಿಂದ ಅಕ್ಕಪಕ್ಕದಲ್ಲಿ ಬೇರೆ ತಳಿಯ ಬಳ್ಳಿಗಳಿದ್ದಲ್ಲಿ ಮುಂದಿನ ಬೆಳೆಯಲ್ಲಿ ಗುಣ ಬದಲಾಗಬಹುದು.

5. ಬೇಯಿಸಿದಾಗ ಆಗುವ ಬದಲಾವಣೆ

ಸಿ ಜೀವಸತ್ವವು ಶಾಖಕ್ಕೆ ನಾಶವಾಗುವಂತಹುದು. ಬೇಕಿಂಗ್ ಮಾಡಿದ ತಿನಿಸಿನಿಂದ ಅದನ್ನು ನಿರೀಕ್ಷಿಸುವಂತಿಲ್ಲ. ಬೀಟಾ ಕ್ಯಾರೋಟಿನ್ ಶಾಖವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಬೇಯಿಸಿ ಅರೆದಾಗ ತಿರುಳಿನ ಜೀವಕೋಶಗಳು ಒಡೆಯುವುದರಿಂದ ಅದು ಶರೀರಕ್ಕೆ ಸುಲಭವಾಗಿ ಲಭ್ಯವಾಗುತ್ತದೆ. ಅಲ್ಲದೆ ಇದು ಕೊಬ್ಬಿನಲ್ಲಿ ಕರಗುವ ವಸ್ತುವಾಗಿರುವುದರಿಂದ ಆಹಾರದಲ್ಲಿ ಸ್ವಲ್ಪ ಎಣ್ಣೆ ಇದ್ದಲ್ಲಿ ಮಾತ್ರ ಚೆನ್ನಾಗಿ ಹೀರಲ್ಪಡುತ್ತದೆ. ಹೀಗಾಗಿ ಬೇಯಿಸಿ, ಅರೆದು, ಮಿತವಾದ ಎಣ್ಣೆಯೊಂದಿಗೆ ಬೇಕಿಂಗ್ ಮಾಡುವುದು ಕುಂಬಳಕಾಯಿಗೆ ಒಪ್ಪುವ ವಿಧಾನವೇ ಆಗಿದೆ. ಗಾರಿಗೆಯಲ್ಲಿಯೂ ಕುಂಬಳ, ಬೆಲ್ಲ, ಹಿಟ್ಟುಗಳೇ ಇವೆ. ಆದರೆ ಅದನ್ನು ಎಣ್ಣೆಯಲ್ಲಿ ಕರಿಯುವುದರಿಂದ ಕೊಬ್ಬಿನ ಪ್ರಮಾಣ ಹೆಚ್ಚುತ್ತದೆ. ಅದೇ ಹದವನ್ನು ಬೇಕಿಂಗ್‌ಗೆ ಹೊಂದಿಸಿಕೊಂಡರೆ ಎಣ್ಣೆ ನಮ್ಮ ಹಿಡಿತದಲ್ಲಿರುತ್ತದೆ.

ಬೇಯಿಸಿ ಅರೆದ ಕುಂಬಳದಲ್ಲಿರುವ ನಾರು ಮತ್ತು ಪೆಕ್ಟಿನ್ ನೀರನ್ನು ಹಿಡಿದಿಡುತ್ತವೆ. ಇದರಿಂದ ತಿನಿಸು ಮೃದುವಾಗಿ ಉಳಿಯುತ್ತದೆ, ಸಾಮಾನ್ಯ ಕೇಕಿನಲ್ಲಿ ಹಾಕುವ ಎಣ್ಣೆ ಅಥವಾ ಬೆಣ್ಣೆಯನ್ನು ಸುಮಾರು ಅರ್ಧದಷ್ಟು ಕಡಿಮೆ ಮಾಡಬಹುದು. ಕಾಯಿಯಲ್ಲಿ ಸ್ವಾಭಾವಿಕ ಸಿಹಿ ಇರುವುದರಿಂದ ಸಿಹಿಯನ್ನೂ ತಗ್ಗಿಸಬಹುದು.

6. ಹಿಟ್ಟಿನ ಆಯ್ಕೆ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಂತೆ 100 ಗ್ರಾಂ ಮೈದಾದಲ್ಲಿ ನಾರಿನ ಅಂಶ ಸುಮಾರು 3 ಗ್ರಾಂ ಇದ್ದರೆ, ಇಡಿ ಗೋಧಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ ಇರುತ್ತದೆ. ಮೈದಾ ಬಳಸಿ ಅದಕ್ಕೆ ಎರಡು ಚಮಚ ಕುಂಬಳ ಸೇರಿಸಿದ ಮಾತ್ರಕ್ಕೆ ತಿನಿಸು ಪೌಷ್ಟಿಕವಾಗುವುದಿಲ್ಲ. ಹಿಟ್ಟನ್ನು ಬದಲಿಸುವುದೇ ಮೊದಲ ಹೆಜ್ಜೆ.

ನಮ್ಮ ಭಾಗದ ಜೋಳದ ಹಿಟ್ಟಿನಲ್ಲಿ ಗ್ಲುಟೆನ್ ಎಂಬ ಅಂಟು ಪದಾರ್ಥ ಇರುವುದಿಲ್ಲ. ಆದುದರಿಂದ ಜೋಳ ಒಂದರಿಂದಲೇ ಮಾಡಿದ ಬ್ರೆಡ್ಡು ಉಬ್ಬದೆ ಪುಡಿಯಾಗುತ್ತದೆ. ಗೋಧಿ ಹಿಟ್ಟಿನೊಂದಿಗೆ ಮೂರನೇ ಒಂದು ಭಾಗದಿಂದ ಅರ್ಧ ಭಾಗದವರೆಗೆ ಜೋಳ ಸೇರಿಸುವುದು ಸೂಕ್ತ. ಬಿಸ್ಕತ್ತಿನಂತಹ ತಿನಿಸಿಗೆ ಉಬ್ಬುವಿಕೆ ಅಷ್ಟಾಗಿ ಬೇಕಿಲ್ಲವಾದ್ದರಿಂದ ಜೋಳ ಅದಕ್ಕೆ ಚೆನ್ನಾಗಿ ಹೊಂದುತ್ತದೆ.

7. ಕುಂಬಳಕಾಯಿ ತಿರುಳು ಸಿದ್ಧಪಡಿಸುವ ವಿಧಾನ

ಅ) ತೊಟ್ಟು ಒಣಗಿದ, ಸಿಪ್ಪೆ ಗಟ್ಟಿಯಾದ, ಪೂರ್ಣ ಬಲಿತ ಕಾಯಿಯನ್ನು ಆರಿಸಿಕೊಳ್ಳಬೇಕು. ಗಾಯವಾಗದ ಕಾಯಿಯನ್ನು ತೊಟ್ಟಿನ ಸಮೇತ ಗಾಳಿಯಾಡುವ ತಂಪು ಜಾಗದಲ್ಲಿ ಎರಡು ಮೂರು ತಿಂಗಳು ಇಡಬಹುದು.

ಆ) ಕತ್ತರಿಸಿದ ಕೂಡಲೇ ಚಿಕ್ಕ ಹೋಳನ್ನು ನಾಲಗೆಗೆ ಮುಟ್ಟಿಸಿ ನೋಡತಕ್ಕದ್ದು. ಕಹಿ ಇದ್ದಲ್ಲಿ ಕಾಯಿಯನ್ನು ಪೂರ್ತಿಯಾಗಿ ಬಿಸಾಡಬೇಕು. ಕುಕುರ್ಬಿಟಾಸಿನ್ ಎಂಬ ವಿಷಕಾರಿ ವಸ್ತುವಿನಿಂದ ಈ ಕಹಿ ಬರುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ, ವಾಂತಿ ಭೇದಿಗೆ ಕಾರಣವಾಗುತ್ತದೆ.

ಇ) ಹೋಳುಗಳನ್ನು ನೀರಿನಲ್ಲಿ ಕುದಿಸದೆ ಇಡ್ಲಿ ಪಾತ್ರೆಯಲ್ಲಿ ಹಬೆಯಲ್ಲಿ 15ರಿಂದ 20 ನಿಮಿಷ ಬೇಯಿಸಬೇಕು. ಕುದಿಸಿದಲ್ಲಿ ಪೋಷಕಾಂಶಗಳು ನೀರಿಗೆ ಹೋಗುತ್ತವೆ, ತಿರುಳೂ ನೀರಾಗುತ್ತದೆ.

ಈ) ತಣ್ಣಗಾದ ನಂತರ ಅರೆದು, ತೆಳು ಬಟ್ಟೆಯಲ್ಲಿ ಅರ್ಧ ಗಂಟೆ ಇಳಿಬಿಟ್ಟು ಹೆಚ್ಚಿನ ನೀರನ್ನು ಬಸಿಯಬೇಕು. ಬಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಬಹುದು.

ಉ) ಬೀಜಗಳನ್ನು ತೊಳೆದು ಒಣಗಿಸಿ ಸುಲಿದು ಇಟ್ಟುಕೊಳ್ಳಬೇಕು. 100 ಗ್ರಾಂ ಒಣ ಬೀಜದ ತಿರುಳಿನಲ್ಲಿ ಸುಮಾರು 30 ಗ್ರಾಂ ಪ್ರೋಟೀನ್, 8ರಿಂದ 9 ಮಿಲಿಗ್ರಾಂ ಕಬ್ಬಿಣ ಹಾಗೂ 7ರಿಂದ 8 ಮಿಲಿಗ್ರಾಂ ಸತು ಇರುತ್ತವೆ. ನಮ್ಮಲ್ಲಿ ಬಹುತೇಕ ತಿಪ್ಪೆಗೆ ಸೇರುವ ಭಾಗ ಇದು.

8. ತಯಾರಿಕಾ ವಿಧಾನಗಳು

8.1 ಕುಂಬಳಕಾಯಿ ಗೋಧಿ ಕೇಕ್

ಬೇಕಾಗುವ ಸಾಮಗ್ರಿ: ಇಡಿ ಗೋಧಿ ಹಿಟ್ಟು 200 ಗ್ರಾಂ, ಬಸಿದ ಕುಂಬಳ ತಿರುಳು 200 ಗ್ರಾಂ, ಬೆಲ್ಲದ ಪುಡಿ 100 ಗ್ರಾಂ, ಶೇಂಗಾ ಅಥವಾ ಸೂರ್ಯಕಾಂತಿ ಎಣ್ಣೆ 60 ಮಿಲಿಲೀಟರ್, ಮೊಸರು 100 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಏಲಕ್ಕಿ ಪುಡಿ ಅರ್ಧ ಟೀ ಚಮಚ, ಉಪ್ಪು ಒಂದು ಚಿಟಿಕೆ, ಮೇಲೆ ಉದುರಿಸಲು ಕುಂಬಳ ಬೀಜ.

ವಿಧಾನ: ಹಿಟ್ಟು, ಬೇಕಿಂಗ್ ಪೌಡರ್, ಸೋಡಾ, ಉಪ್ಪು, ಏಲಕ್ಕಿಯನ್ನು ಎರಡು ಬಾರಿ ಜರಡಿ ಹಿಡಿದು, ಜರಡಿಯಲ್ಲಿ ಉಳಿದ ತೌಡನ್ನೂ ಅದಕ್ಕೇ ಸೇರಿಸಬೇಕು. ಬೇರೆ ಪಾತ್ರೆಯಲ್ಲಿ ಬೆಲ್ಲ, ಎಣ್ಣೆ, ಮೊಸರು, ಕುಂಬಳ ತಿರುಳನ್ನು ಬೆಲ್ಲ ಕರಗುವವರೆಗೆ ಕಲಸಬೇಕು. ಎರಡನ್ನೂ ಸೇರಿಸಿ ಹಿಟ್ಟು ಒದ್ದೆಯಾಗುವಷ್ಟು ಮಾತ್ರ ತಿರುಗಿಸಬೇಕು. ಹೆಚ್ಚು ಕಲಸಿದಲ್ಲಿ ಗ್ಲುಟೆನ್ ಬಿಗಿಯಾಗಿ ಕೇಕ್ ಗಟ್ಟಿಯಾಗುತ್ತದೆ. ಮೊಸರಿನ ಹುಳಿಯೊಂದಿಗೆ ಸೋಡಾ ಸೇರಿದಾಗ ಅನಿಲ ಬಿಡುಗಡೆಯಾಗುವುದರಿಂದ ಮಿಶ್ರಣವನ್ನು ಕಾಯಿಸಿ ಇಡದೆ ತಕ್ಷಣ ಎಣ್ಣೆ ಸವರಿದ ಪಾತ್ರೆಗೆ ಸುರಿದು, ಮೊದಲೇ ಕಾಯ್ದ ಒಲೆಯಲ್ಲಿ 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 40ರಿಂದ 45 ನಿಮಿಷ ಬೇಯಿಸಬೇಕು. ನಡುವೆ ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದಲ್ಲಿ ಬೆಂದಿದೆ ಎಂದು ತಿಳಿಯಬೇಕು. ಪೂರ್ತಿ ತಣಿದ ನಂತರ 10 ಹೋಳುಗಳನ್ನಾಗಿ ಕತ್ತರಿಸಬೇಕು.

ಓವನ್ ಇಲ್ಲದವರು: ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಎರಡು ಬೆರಳು ದಪ್ಪ ಒಣ ಮರಳು ಅಥವಾ ಹರಳುಪ್ಪು ಹರಡಿ, ಅದರ ಮೇಲೆ ಒಂದು ಕುಕ್ಕೆ ಇಟ್ಟು, ಮುಚ್ಚಳ ಹಾಕಿ 10 ನಿಮಿಷ ಕಾಯಿಸಬೇಕು. ನಂತರ ಕೇಕಿನ ಪಾತ್ರೆಯನ್ನು ಕುಕ್ಕೆಯ ಮೇಲಿಟ್ಟು ಸಣ್ಣ ಉರಿಯಲ್ಲಿ 50 ನಿಮಿಷದಿಂದ ಒಂದು ಗಂಟೆಯವರೆಗೆ ಬೇಯಿಸಬೇಕು. ಮೊದಲ 30 ನಿಮಿಷ ಮುಚ್ಚಳ ತೆರೆಯಬಾರದು. ಬಳಕೆಯಲ್ಲಿರುವ ಕುಕ್ಕರನ್ನು ನೀರಿಲ್ಲದೆ ಕಾಯಿಸುವುದರಿಂದ ಅದು ಹಾಳಾಗುವ ಸಂಭವವಿರುವುದರಿಂದ ಹಳೆಯ ಪಾತ್ರೆಯನ್ನೇ ಬಳಸುವುದು ಒಳಿತು.

8.2 ಜೋಳ–ಕುಂಬಳ ಖಾರ ಬಿಸ್ಕತ್ತು

ಬೇಕಾಗುವ ಸಾಮಗ್ರಿ: ಗೋಧಿ ಹಿಟ್ಟು 150 ಗ್ರಾಂ, ಜೋಳದ ಹಿಟ್ಟು 100 ಗ್ರಾಂ, ಬಸಿದ ಕುಂಬಳ ತಿರುಳು 100 ಗ್ರಾಂ, ಎಣ್ಣೆ 50 ಮಿಲಿಲೀಟರ್, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಅರೆದ ಹಸಿಮೆಣಸಿನಕಾಯಿ ಒಂದು ಟೀ ಚಮಚ, ಜೀರಿಗೆ ಒಂದು ಟೀ ಚಮಚ, ಹುರಿದ ಗುರೆಳ್ಳು ಅಥವಾ ಎಳ್ಳು ಎರಡು ಟೀ ಚಮಚ, ಹೆಚ್ಚಿದ ಕರಿಬೇವು, ಉಪ್ಪು ಮುಕ್ಕಾಲು ಟೀ ಚಮಚ.

ವಿಧಾನ: ಹಿಟ್ಟುಗಳಿಗೆ ಎಣ್ಣೆ ಸೇರಿಸಿ ಬೆರಳಿನಿಂದ ಉಜ್ಜಿ, ಉಳಿದ ಸಾಮಗ್ರಿಗಳನ್ನು ಹಾಕಿ ಗಟ್ಟಿಯಾಗಿ ಕಲಸಬೇಕು. ಅಗತ್ಯವಿದ್ದಲ್ಲಿ ಮಾತ್ರ ನೀರು ಚಿಮುಕಿಸಬೇಕು. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಕತ್ತರಿಸಿ, ಅಲ್ಲಲ್ಲಿ ಚುಚ್ಚಿ, ಓವನ್‌ನಲ್ಲಿ 170 ಡಿಗ್ರಿಯಲ್ಲಿ 20ರಿಂದ 25 ನಿಮಿಷ ಬೇಯಿಸಬೇಕು. ಕುಂಬಳದ ತೇವದಿಂದಾಗಿ ಇವು ತಣಿದ ಮೇಲೆ ಮೆತ್ತಗಾಗುತ್ತವೆ. ಗರಿಗರಿಯಾಗಲು 130 ಡಿಗ್ರಿಯಲ್ಲಿ ಮತ್ತೊಮ್ಮೆ 15ರಿಂದ 20 ನಿಮಿಷ ಒಣಗಿಸಬೇಕು. ಇದರಲ್ಲಿ ಬೆಲ್ಲ, ಸಕ್ಕರೆ ಇಲ್ಲದಿರುವುದರಿಂದ ಮಕ್ಕಳ ದಿನನಿತ್ಯದ ತಿಂಡಿಗೆ ಕೇಕಿಗಿಂತ ಇದು ಉತ್ತಮ.

9. ಒಂದು ಹೋಳಿನಿಂದ ದೊರೆಯುವುದೆಷ್ಟು?

ಮೇಲಿನ ಕೇಕಿನ ಒಂದು ಹೋಳಿನಲ್ಲಿ ಕುಂಬಳ 20 ಗ್ರಾಂ, ಬೆಲ್ಲ 10 ಗ್ರಾಂ ಇದ್ದು, ಶಕ್ತಿ ಅಂದಾಜು 160 ಕಿಲೋ ಕ್ಯಾಲೊರಿ ಆಗುತ್ತದೆ. ಗಾಢ ಬಣ್ಣದ ಕಾಯಿಯಾದಲ್ಲಿ ಬೀಟಾ ಕ್ಯಾರೋಟಿನ್ ಸುಮಾರು 620 ಮೈಕ್ರೋಗ್ರಾಂ ದೊರೆಯುತ್ತದೆ. 12 ಮೈಕ್ರೋಗ್ರಾಂ ಬೀಟಾ ಕ್ಯಾರೋಟಿನ್‌ಗೆ 1 ಮೈಕ್ರೋಗ್ರಾಂ ಎ ಜೀವಸತ್ವ ಎಂದು ಲೆಕ್ಕ ಹಾಕಿದರೆ ಇದು ಸುಮಾರು 52 ಮೈಕ್ರೋಗ್ರಾಂ ಆಗುತ್ತದೆ. 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ 510 ಮೈಕ್ರೋಗ್ರಾಂ ಎ ಜೀವಸತ್ವ ಬೇಕೆಂದು 2020ರ ಶಿಫಾರಸಿನಲ್ಲಿ ತಿಳಿಸಲಾಗಿದೆ. ಅಂದರೆ ಒಂದು ಹೋಳು ಕೇಕ್ ಅಗತ್ಯದ ಹತ್ತನೇ ಒಂದು ಭಾಗವನ್ನು ಮಾತ್ರ ಪೂರೈಸುತ್ತದೆ. ಅದೇ ಮಗು 100 ಗ್ರಾಂ ಕುಂಬಳಕಾಯಿ ಪಲ್ಯ ತಿಂದಲ್ಲಿ ಅಗತ್ಯದ ಸುಮಾರು ಅರ್ಧದಷ್ಟು ದೊರೆಯುತ್ತದೆ.

ಈ ಲೆಕ್ಕದಿಂದ ಸ್ಪಷ್ಟವಾಗುವುದೇನೆಂದರೆ, ಕುಂಬಳಕಾಯಿ ಕೇಕ್ ಪಲ್ಯಕ್ಕೆ ಬದಲಿ ಅಲ್ಲ. ಅದು ಮೈದಾ ಕೇಕಿಗೆ, ಬನ್ನಿಗೆ ಬದಲಿ. ಮಗು ಹೇಗಿದ್ದರೂ ತಿನ್ನಲಿರುವ ಬೇಕರಿ ತಿನಿಸಿನ ಜಾಗದಲ್ಲಿ ಇದನ್ನು ಕೊಟ್ಟಾಗ ನಾರು ಹೆಚ್ಚುತ್ತದೆ, ಕೊಬ್ಬು ಕಡಿಮೆಯಾಗುತ್ತದೆ, ಎ ಜೀವಸತ್ವ ಸ್ವಲ್ಪವಾದರೂ ಸೇರುತ್ತದೆ. ಊಟದಲ್ಲಿನ ಪಲ್ಯ, ಸೊಪ್ಪು, ಬೇಳೆಯನ್ನು ಬಿಡಿಸಿ ಕೇಕ್ ಕೊಟ್ಟಲ್ಲಿ ಲಾಭಕ್ಕಿಂತ ನಷ್ಟವೇ ಹೆಚ್ಚು.

10. ಗಮನಿಸಬೇಕಾದ ಅಂಶಗಳು

ಅ) ಬೆಲ್ಲವೂ ಸಿಹಿಯೇ. ಮಧುಮೇಹಿಗಳಿಗೆ ಬೆಲ್ಲದ ಕೇಕ್ ನಿರಪಾಯಕಾರಿ ಎಂಬುದು ತಪ್ಪು ತಿಳಿವಳಿಕೆ. ಬೆಲ್ಲ, ಸಕ್ಕರೆ, ಜೇನು ಎಲ್ಲವೂ ಸೇರಿ ಒಟ್ಟು ಶಕ್ತಿಯ ಶೇಕಡಾ 10ನ್ನು ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿದೆ.

ಆ) ಕುಂಬಳದ ತಿರುಳಿನಲ್ಲಿ ಕಬ್ಬಿಣದ ಅಂಶ ಅಲ್ಪ. ರಕ್ತಹೀನತೆ ಇರುವವರು ಕಬ್ಬಿಣದ ಮಾತ್ರೆಗಳನ್ನು ನಿಲ್ಲಿಸಬಾರದು. ಅದೇ ರೀತಿ ಅಂಗನವಾಡಿ ಹಾಗೂ ಆರೋಗ್ಯ ಕೇಂದ್ರಗಳಲ್ಲಿ ಮಕ್ಕಳಿಗೆ ನೀಡುವ ಎ ಜೀವಸತ್ವದ ದ್ರಾವಣವನ್ನು ತಪ್ಪಿಸಬಾರದು.

ಇ) ಮೂತ್ರಪಿಂಡದ ಕಾಯಿಲೆ ಇರುವವರು ಪೊಟ್ಯಾಸಿಯಂ ಕಾರಣದಿಂದ ವೈದ್ಯರ ಸಲಹೆ ಪಡೆಯತಕ್ಕದ್ದು.

ಈ) ವನಸ್ಪತಿ ಬಳಸಬಾರದು. ಎಣ್ಣೆ ಮತ್ತು ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬಿನ ಮಿತಿಯನ್ನು 2022ರಿಂದ ಶೇಕಡಾ 2ಕ್ಕೆ ಇಳಿಸಲಾಗಿದೆಯಾದರೂ, ಮನೆಯ ಅಡುಗೆಗೆ ದ್ರವರೂಪದ ಎಣ್ಣೆಯೇ ಉತ್ತಮ.

ಉ) ತೇವಾಂಶ ಹೆಚ್ಚಿರುವುದರಿಂದ ಈ ಕೇಕ್ ಬೇಗ ಬೂಸ್ಟು ಹಿಡಿಯುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಒಂದು ದಿನಕ್ಕಿಂತ ಹೆಚ್ಚು ಹೊರಗೆ ಇಡಬಾರದು. ಫ್ರಿಜ್‌ನಲ್ಲಿ ನಾಲ್ಕು ದಿನ ಇಡಬಹುದು. ಬೂಸ್ಟು ಬಂದ ಭಾಗವನ್ನಷ್ಟೇ ಕತ್ತರಿಸಿ ಉಳಿದುದನ್ನು ತಿನ್ನುವುದು ಸುರಕ್ಷಿತವಲ್ಲ.

11. ಸ್ವಸಹಾಯ ಗುಂಪುಗಳಿಗೆ ಲೆಕ್ಕದ ವಿಷಯ

ಮಹಿಳಾ ಸ್ವಸಹಾಯ ಗುಂಪುಗಳು ಈ ತಿನಿಸುಗಳನ್ನು ತಯಾರಿಸಿ ಮಾರಲು ಅವಕಾಶವಿದೆ. ಆದರೆ ರುಚಿ ಚೆನ್ನಾಗಿದ್ದೂ ಲೆಕ್ಕ ತಪ್ಪಿದಲ್ಲಿ ನಷ್ಟ ಉಂಟಾಗುತ್ತದೆ. ಮುಖ್ಯವಾಗಿ ಎರಡು ಅಂಶಗಳನ್ನು ಗಮನಿಸಬೇಕು.

ಮೊದಲನೆಯದು, ಕಾಯಿಯ ಬೆಲೆ ಬೇರೆ, ತಿರುಳಿನ ಬೆಲೆ ಬೇರೆ. ಉದಾಹರಣೆಗೆ ಕಿಲೋಗೆ 20 ರೂಪಾಯಿಯಂತೆ 3 ಕಿಲೋ ಕಾಯಿಗೆ 60 ರೂಪಾಯಿ ಕೊಟ್ಟಿದ್ದು, ಸಿಪ್ಪೆ, ಬೀಜ, ಬಸಿದ ನೀರು ಕಳೆದು 1.8 ಕಿಲೋ ತಿರುಳು ಉಳಿದರೆ ಕಿಲೋ ತಿರುಳಿಗೆ 33 ರೂಪಾಯಿಗೂ ಹೆಚ್ಚು ಬೀಳುತ್ತದೆ. ಮನೆಯದೇ ಕಾಯಿ ಎಂದು ಇದನ್ನು ಲೆಕ್ಕಕ್ಕೆ ಹಿಡಿಯದೆ ಬಿಡಬಾರದು. ಇಂಧನ, ಕವರು ಮತ್ತು ಸದಸ್ಯೆಯರ ಕೂಲಿಯನ್ನೂ ಸೇರಿಸಬೇಕು.

ಎರಡನೆಯದು, ಮಾರಾಟವಾಗದೆ ಉಳಿಯುವ ಸರಕು. ಒಂದಕ್ಕೆ 80 ರೂಪಾಯಿ ವೆಚ್ಚದಂತೆ 10 ಕೇಕ್ ತಯಾರಿಸಿ 2 ಕೇಕ್ ಕೆಟ್ಟರೆ, 800 ರೂಪಾಯಿಯನ್ನು 8 ಕೇಕುಗಳಿಂದಲೇ ಗಳಿಸಬೇಕಾಗುತ್ತದೆ. ಅಸಲು ಬೆಲೆಯೇ 100 ರೂಪಾಯಿ ಆಗುತ್ತದೆ. 90 ರೂಪಾಯಿಗೆ ಮಾರಿ ಲಾಭವಾಯಿತೆಂದು ಭಾವಿಸಿದ ಗುಂಪು ವಾಸ್ತವವಾಗಿ 80 ರೂಪಾಯಿ ಕಳೆದುಕೊಂಡಿರುತ್ತದೆ. ಆದುದರಿಂದ ಬೇಗ ಕೆಡುವ ಕೇಕನ್ನು ಮುಂಗಡ ಬೇಡಿಕೆಯ ಮೇಲೆ ಮಾತ್ರ ತಯಾರಿಸುವುದು, ಹೆಚ್ಚು ದಿನ ಬಾಳುವ ಖಾರ ಬಿಸ್ಕತ್ತನ್ನು ಸಂತೆ, ಜಾತ್ರೆಗಳಿಗೆ ಒಯ್ಯುವುದು ಸೂಕ್ತ.

ಆಹಾರ ಪದಾರ್ಥಗಳನ್ನು ಮಾರಾಟ ಮಾಡುವವರು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅನ್ವಯ ನೋಂದಣಿ ಪಡೆದು, ಪೊಟ್ಟಣದ ಮೇಲೆ ಸಾಮಗ್ರಿಗಳ ಪಟ್ಟಿ ಹಾಗೂ ತಯಾರಿಸಿದ ದಿನಾಂಕವನ್ನು ನಮೂದಿಸತಕ್ಕದ್ದು. ಬೇಕರಿ ತರಬೇತಿಯ ವಿಷಯದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಆವರಣದ ಬೇಕರಿ ತರಬೇತಿ ಘಟಕ ಹಾಗೂ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ರಾಜ್ಯದಲ್ಲಿ ಹೆಸರಾಗಿವೆ.

12. ಮುಕ್ತಾಯ

ಕುಂಬಳಕಾಯಿ ಸರ್ವರೋಗ ನಿವಾರಕವಲ್ಲ. ಆದರೆ ಗಾಢ ಬಣ್ಣದ ಕಾಯಿ, ಇಡಿ ಧಾನ್ಯದ ಹಿಟ್ಟು, ಮಿತವಾದ ಬೆಲ್ಲ ಮತ್ತು ಎಣ್ಣೆ – ಈ ನಾಲ್ಕು ಸೇರಿದಲ್ಲಿ ಮಕ್ಕಳ ಸಂಜೆಯ ತಿಂಡಿ ಈಗಿರುವುದಕ್ಕಿಂತ ಖಂಡಿತವಾಗಿಯೂ ಉತ್ತಮವಾಗುತ್ತದೆ. ಇದಕ್ಕೆ ಬೇಕಾದ ಜೋಳ, ಶೇಂಗಾ ಎಣ್ಣೆ, ಕುಂಬಳ ಎಲ್ಲವೂ ಹೊಳಲು ಹಾಗೂ ಸುತ್ತಲಿನ ಗ್ರಾಮಗಳಲ್ಲಿಯೇ ಲಭ್ಯವಿವೆ. ಸಾರ್ವಜನಿಕರು, ವಿಶೇಷವಾಗಿ ತಾಯಂದಿರು ಹಾಗೂ ಸ್ವಸಹಾಯ ಗುಂಪುಗಳ ಸದಸ್ಯರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ. ಬೀಜ ಹಾಗೂ ಬೇಸಾಯದ ಮಾಹಿತಿಗಾಗಿ ಹೂವಿನಹಡಗಲಿಯಲ್ಲಿರುವ ತೋಟಗಾರಿಕೆ ಇಲಾಖೆಯ ಕಚೇರಿಯನ್ನು, ಮಕ್ಕಳ ಪೋಷಣೆಯ ಬಗ್ಗೆ ಹತ್ತಿರದ ಅಂಗನವಾಡಿ ಕೇಂದ್ರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು.